ಫಿನ್ಸ್ ಹೋಲಿಸುವಾಗ ಸ್ಪೀಡಿಗಿಂತ ಮೊದಲು ಉಸಿರು ನೋಡಿ

ಸ್ಕೂಬಾ ಡೈವಿಂಗ್ ಕಲಿತು ನಾಲ್ಕಾರು ಸಲ ಸಮುದ್ರಕ್ಕೆ ಇಳಿದವರು ಸ್ವಂತಕ್ಕೆ ಅಂತ ಸಾಮಾನ್ಯವಾಗಿ ಮೊದಲು ಕೊಳ್ಳುವುದು ಮಾಸ್ಕು. ಆಮೇಲೆ ಫಿನ್ಸ್, ಅಂದರೆ ಕಾಲಿಗೆ ತೊಡುವ ಈಜುರೆಕ್ಕೆ. ಮಾಸ್ಕಿನ ವಿಷಯ ಸುಲಭ, ಮುಖಕ್ಕೆ ಸರಿಯಾಗಿ ಕೂತರೆ ಆಯ್ತು. ಫಿನ್ಸ್ ಹತ್ತಿರ ಬಂದಾಗ ತಲೆ ಕೆಡುತ್ತದೆ. ಮಧ್ಯೆ ಸೀಳಿರುವುದು, ಸೀಳದೆ ಇರುವುದು, ರಬ್ಬರಿನದು, ಪ್ಲಾಸ್ಟಿಕ್ಕಿನದು, ತೂತಿರುವುದು, ಉದ್ದದ್ದು, ಗಿಡ್ಡದ್ದು. ಹೆಚ್ಚುಕಮ್ಮಿ ಎಲ್ಲದಕ್ಕೂ ಒಂದೇ ಜಾಹೀರಾತು: ಕಮ್ಮಿ ಶ್ರಮ, ಜಾಸ್ತಿ ವೇಗ. ಎಲ್ಲವೂ ಒಟ್ಟಿಗೆ ನಿಜ ಆಗಲಾರದು, ಅಲ್ವಾ?

ಫಿನ್ಸ್ ಬಗ್ಗೆ ಡೈವರ್‌ಗಳು ಸೇರಿದಲ್ಲೆಲ್ಲ ಸ್ಪೀಡಿನ ಮಾತೇ ಜಾಸ್ತಿ. ಆದರೆ ಡೈವ್ ಮಾಡುವಾಗ ಸ್ಪೀಡು ಬೇಕಾಗುವುದು ಅಪರೂಪಕ್ಕೆ. ಬಂಡೆಯ ಸಂದಿಯಲ್ಲಿ ಇಣುಕುತ್ತಾ, ಮೀನಿನ ಹಿಂಡು ನೋಡುತ್ತಾ ನಾವು ಸಾಗುವ ವೇಗ ಸೆಕೆಂಡಿಗೆ ಹೆಚ್ಚೆಂದರೆ ಅರ್ಧ ಮೀಟರ್, ಅಂದರೆ ಗಂಟೆಗೆ ಎರಡು ಕಿಲೋಮೀಟರಿಗೂ ಕಮ್ಮಿ. ಆ ನಿಧಾನದ ವೇಗದಲ್ಲಿ ಯಾವ ಫಿನ್ ನನ್ನ ಸಿಲಿಂಡರಿನ ಗಾಳಿಯನ್ನು ಕಮ್ಮಿ ಖರ್ಚು ಮಾಡಿಸುತ್ತದೆ? ಹೋಲಿಸಬೇಕಾದದ್ದು ಇದನ್ನು. ಯಾಕೆ ಅಂತ ತಿಳಿಯಲು ನೀರಿನ ಲೆಕ್ಕ ಸ್ವಲ್ಪ ನೋಡಬೇಕು.

ನೀರು ಗಾಳಿಗಿಂತ ಸುಮಾರು 800 ಪಟ್ಟು ದಟ್ಟ. ನೀರಿನೊಳಗೆ ಮುಂದಕ್ಕೆ ಹೋಗುವಾಗ ಅದು ಒಡ್ಡುವ ತಡೆ ವೇಗದ ವರ್ಗದ ಪ್ರಕಾರ ಏರುತ್ತದೆ. ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟು. ಕಾಲು ಕೊಡಬೇಕಾದ ಶಕ್ತಿ ಇನ್ನೂ ಜೋರಾಗಿ, ಘನದ ಪ್ರಕಾರ ಏರುತ್ತದೆ: ವೇಗ ಎರಡು ಪಟ್ಟು ಬೇಕೆಂದರೆ ಎಂಟು ಪಟ್ಟು ಶಕ್ತಿ. ವೇಗ ಹತ್ತು ಪರ್ಸೆಂಟ್ ಏರಿಸಲು ಸುಮಾರು 33 ಪರ್ಸೆಂಟ್ ಜಾಸ್ತಿ ಶಕ್ತಿ ಬೇಕು.

ಇದನ್ನೇ ತಿರುಗಿಸಿ ನೋಡಿ. ಒಂದು ಫಿನ್ ಇನ್ನೊಂದಕ್ಕಿಂತ 33 ಪರ್ಸೆಂಟ್ ಚೆನ್ನಾಗಿ ಕೆಲಸ ಮಾಡುತ್ತದೆ ಅಂದುಕೊಳ್ಳೋಣ. ಅದು ಸಣ್ಣ ವ್ಯತ್ಯಾಸವೇ ಅಲ್ಲ. ಆದರೂ ಪೂರ್ತಿ ಜೋರಾಗಿ ಈಜುವ ರೇಸಿನಲ್ಲಿ ಅದು ಬರೀ ಹತ್ತು ಪರ್ಸೆಂಟ್ ವೇಗವಾಗಿ ಕಾಣಿಸುತ್ತದೆ. ಅದಕ್ಕೇ ಸ್ಪೀಡ್ ಟೆಸ್ಟುಗಳಲ್ಲಿ ಒಳ್ಳೆಯದೂ ಸಾಧಾರಣದ್ದೂ ಹತ್ತಿರಹತ್ತಿರ ಬಂದು ನಿಲ್ಲುತ್ತವೆ. ಸ್ಟಾಪ್‌ವಾಚು ಸುಳ್ಳು ಹೇಳುವುದಿಲ್ಲ, ಆದರೆ ದೊಡ್ಡ ವ್ಯತ್ಯಾಸವನ್ನು ಚಿಕ್ಕದು ಮಾಡಿ ತೋರಿಸುತ್ತದೆ.

ಈಗ ಗಾಳಿಯ ಲೆಕ್ಕಕ್ಕೆ ಬರೋಣ. ಡೈವ್ ಬೋಟುಗಳಲ್ಲಿ ಜಾಸ್ತಿ ಕಾಣುವ ಅಲ್ಯೂಮಿನಿಯಂ ಸಿಲಿಂಡರಿನ ಒಳಗಾತ್ರ ಸುಮಾರು 11 ಲೀಟರ್. 200 ಬಾರ್ (ಬಾರ್ ಅಂದರೆ ಒತ್ತಡದ ಅಳತೆ) ತುಂಬಿಸಿ, 50 ಬಾರ್ ಉಳಿಸಿಕೊಂಡು ಮೇಲೆ ಬಂದರೆ ಬಳಸಲು ಸಿಗುವುದು ಸುಮಾರು 1650 ಲೀಟರ್ ಗಾಳಿ. 20 ಮೀಟರ್ ಆಳದಲ್ಲಿ ಒತ್ತಡ ಮೇಲಿನದಕ್ಕಿಂತ ಮೂರು ಪಟ್ಟು, ಹಾಗಾಗಿ ಗಾಳಿಯೂ ಮೂರು ಪಟ್ಟು ಖರ್ಚಾಗುತ್ತದೆ. ನೀರಿನ ಮೇಲ್ಮೈಯ ಲೆಕ್ಕದಲ್ಲಿ ನಿಮಿಷಕ್ಕೆ 15 ಲೀಟರ್ ಉಸಿರಾಡುವ ಡೈವರ್‌ಗೆ ಅಲ್ಲಿ 36 ನಿಮಿಷ ಸಿಗುತ್ತದೆ. ಕಾಲಿಗೆ ಹೊಂದದ ಫಿನ್ ತೊಟ್ಟು ಏದುಸಿರು ಬಿಡುತ್ತಾ ನಿಮಿಷಕ್ಕೆ 25 ಲೀಟರಿಗೆ ಏರಿದರೆ ಅದೇ ಸಿಲಿಂಡರ್ 22 ನಿಮಿಷಕ್ಕೆ ಮುಗಿಯುತ್ತದೆ. ಹೋಗಿದ್ದು 14 ನಿಮಿಷ. ಸುಸ್ತಾಗಿ ಉಸಿರು ಮೇಲೆಕೆಳಗೆ ಆಗುವುದು ನೀರಿನೊಳಗೆ ಗಾಬರಿಗೆ ದಾರಿ ಮಾಡುವ ಸಂಗತಿ ಕೂಡ. ಹಾಗಾಗಿ ಇದನ್ನು ಬರೀ ಆರಾಮದ ವಿಷಯ ಅಂತ ತಳ್ಳಿಹಾಕುವಂತಿಲ್ಲ.

ಫಿನ್ ನಿಜಕ್ಕೂ ಏನು ಮಾಡುತ್ತದೆ? ಒಂದೇ ಒಂದು ಕಿಕ್ಕನ್ನು ನಿಧಾನವಾಗಿ ನೋಡೋಣ. ಡೈವರ್ ಬೋರಲಾಗಿ ಮಲಗಿದ ಹಾಗೆ ಇದ್ದಾನೆ. ಬಲಗಾಲು ಸೊಂಟದಿಂದ ಕೆಳಕ್ಕೆ ಹೊರಡುತ್ತದೆ. ತೊಡೆ ಮೊದಲು, ಹಿಂದೆಯೇ ಮೊಣಕಾಲು, ಆಮೇಲೆ ಪಾದ. ಬ್ಲೇಡಿನ (ಪಾದದ ಮುಂದೆ ಚಾಚಿಕೊಂಡ ಚಪ್ಪಟೆ ಭಾಗದ) ಬುಡ ಪಾದದ ಜೊತೆಗೇ ಕೆಳಗೆ ಹೋಗುತ್ತದೆ. ತುದಿ ಮಾತ್ರ ನೀರಿನ ತಡೆಗೆ ಸಿಕ್ಕಿ ಹಿಂದೆ ಉಳಿಯುತ್ತದೆ. ಹಾಗೆ ಉಳಿದಾಗ ಬ್ಲೇಡು ಬಾಗುತ್ತದೆ. ಬಾಗಿದ ಬ್ಲೇಡಿನ ಮುಖ ಈಗ ಓರೆಯಾಗಿ ಹಿಂದಕ್ಕೆ ತಿರುಗಿರುತ್ತದೆ. ಆ ಓರೆ ಮುಖ ನೀರನ್ನು ಹಿಂದಕ್ಕೆ ನೂಕುತ್ತದೆ, ನೀರು ಡೈವರನ್ನು ಮುಂದಕ್ಕೆ ನೂಕುತ್ತದೆ. ಕಿಕ್ಕು ಮುಗಿಯುವ ಹೊತ್ತಿಗೆ ಬಾಗಿದ್ದ ತುದಿ ಚಿಮ್ಮಿ ನೆಟ್ಟಗಾಗಿ ಇನ್ನೂ ಸ್ವಲ್ಪ ನೀರನ್ನು ಎಸೆಯುತ್ತದೆ. ಕಾಲು ಮೇಲೆ ಬರುವಾಗ ಇದೇ ಆಟ ಉಲ್ಟಾ, ಆದರೆ ಆ ಕಡೆಗೆ ನಮ್ಮ ಕಾಲಿನ ಬಲ ಕಮ್ಮಿ.

ಎಲ್ಲ ಗುಟ್ಟೂ ಆ ಬಾಗುವಿಕೆಯಲ್ಲಿದೆ. ಬ್ಲೇಡು ತೀರಾ ಗಡಸಾಗಿದ್ದರೆ ಬಾಗುವುದಿಲ್ಲ. ಮುಖ ಹಿಂದಕ್ಕೆ ತಿರುಗುವುದಿಲ್ಲ. ನೀವು ಬೆವರು ಸುರಿಸಿ ನೀರನ್ನು ಮೇಲೆಕೆಳಗೆ ಬಡಿಯುತ್ತೀರಿ, ಮುಂದೆ ಮಾತ್ರ ಹೋಗುವುದಿಲ್ಲ, ಮೀನಖಂಡ ಹಿಡಿದುಕೊಳ್ಳುತ್ತದೆ. ತೀರಾ ಮೆತ್ತಗಿದ್ದರೆ ನಿಧಾನವಾಗಿ ಹೋಗುವಾಗ ಹಾಯಾಗಿರುತ್ತದೆ. ನೀರಿನ ಸೆಳೆತ ಎದುರಾಗಿ ಜೋರಾಗಿ ಒದ್ದಾಗ ಬ್ಲೇಡು ಪೂರಾ ಮಡಚಿಕೊಂಡು ಬಿಡುತ್ತದೆ, ಎಷ್ಟು ಒದ್ದರೂ ಅದಕ್ಕಿಂತ ಹೆಚ್ಚು ನೂಕುಬಲ ಬರುವುದಿಲ್ಲ. ಸೈಕಲ್ಲಿನಲ್ಲಿ ಏರಿಗೆ ಒಂದು ಗೇರು, ಸಮತಟ್ಟಿಗೆ ಇನ್ನೊಂದು ಇರುವ ಹಾಗೆಯೇ ಇದು. ವ್ಯತ್ಯಾಸ ಇಷ್ಟೇ, ಫಿನ್ನಿನಲ್ಲಿ ಗೇರು ಬದಲಿಸಲು ಬರುವುದಿಲ್ಲ, ಕೊಳ್ಳುವಾಗಲೇ ಒಂದನ್ನು ಆರಿಸಿಕೊಳ್ಳಬೇಕು. ನನ್ನ ಕಾಲಿಗೆ ಸರಿಯಾದ ಗಡಸು ನಿಮ್ಮ ಕಾಲಿಗೆ ಸರಿಹೋಗಬೇಕು ಅಂತಿಲ್ಲ. ‘ಬೆಸ್ಟ್ ಫಿನ್’ ಅಂತ ಪಟ್ಟಿ ಮಾಡುವವರು ಬಿಟ್ಟುಬಿಡುವುದು ಈ ಮಾತನ್ನೇ.

ಉದ್ದದ ವಿಷಯದಲ್ಲಿ ಇನ್ನೊಂದು ಸೊಗಸಾದ ಲೆಕ್ಕ ಇದೆ. ಮುಂದಕ್ಕೆ ನೂಕಿಸಿಕೊಳ್ಳಲು ನಾವು ನೀರನ್ನು ಹಿಂದಕ್ಕೆ ಎಸೆಯಬೇಕು. 5 ಕಿಲೋ ನೀರನ್ನು ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಎಸೆಯಬಹುದು. ಇಲ್ಲವೇ 10 ಕಿಲೋ ನೀರನ್ನು 1 ಮೀಟರ್ ವೇಗದಲ್ಲಿ ಎಸೆಯಬಹುದು. ಸಿಗುವ ನೂಕು ಎರಡರಲ್ಲೂ ಒಂದೇ. ಖರ್ಚಾಗುವ ಶಕ್ತಿ ಮೊದಲನೆಯದರಲ್ಲಿ 10 ಜೂಲ್, ಎರಡನೆಯದರಲ್ಲಿ 5 ಜೂಲ್. ಸರಿಯಾಗಿ ಅರ್ಧ! ಹಾಗಾಗಿ ಜಾಸ್ತಿ ನೀರನ್ನು ನಿಧಾನವಾಗಿ ನೂಕುವ ದೊಡ್ಡ ಬ್ಲೇಡಿಗೆ ಲಾಭ ಇದೆ. ಸಿಲಿಂಡರ್ ಇಲ್ಲದೆ, ಒಂದೇ ಉಸಿರಿನಲ್ಲಿ ಆಳಕ್ಕೆ ಹೋಗುವ ಫ್ರೀ ಡೈವರ್‌ಗಳು ಮಾರುದ್ದದ ಫೈಬರ್ ಅಥವಾ ಕಾರ್ಬನ್ ಫಿನ್ಸ್ ತೊಡುವುದು ಇದಕ್ಕೇ. ಎರಡೂ ಕಾಲು ಸೇರಿಸಿ ತೊಡುವ ಮೋನೋಫಿನ್ ಇನ್ನೂ ಮುಂದೆ ಹೋಗುತ್ತದೆ. ಫ್ರೀಸ್ಟೈಲಿನಲ್ಲಿ ಜಗತ್ತಿನ ಅತಿ ವೇಗದ ಈಜುಗಾರರಿಗೆ 50 ಮೀಟರಿಗೆ ಸುಮಾರು 21 ಸೆಕೆಂಡ್ ಬೇಕು. ಮೋನೋಫಿನ್ ತೊಟ್ಟು ಉಸಿರು ಹಿಡಿದು ನೀರೊಳಗೆ ಹೋಗುವ ಸ್ಪರ್ಧಿಗಳು ಅಷ್ಟೇ ದೂರವನ್ನು 14 ಸೆಕೆಂಡಿನ ಆಸುಪಾಸಿನಲ್ಲಿ ಮುಗಿಸುತ್ತಾರೆ.

ಹಾಗಿದ್ದರೆ ನಾವೂ ಅದನ್ನೇ ತೊಡಬಾರದೇಕೆ? ಉದ್ದ ಬ್ಲೇಡು ಅಂದರೆ ಉದ್ದ ಸನ್ನೆಗೋಲು. ಅದರ ಭಾರ ಬೀಳುವುದು ಪಾದದ ಕೀಲಿನ ಮೇಲೆ. ಫ್ರೀ ಡೈವರ್ ನಯವಾದ ಸೂಟಿನಲ್ಲಿ ನೆಟ್ಟಗೆ ಇಳಿಯುತ್ತಾನೆ. ನಾವು ಸಿಲಿಂಡರು, ಜಾಕೆಟ್ಟು, ಹೋಸು ಎಲ್ಲ ಹೊತ್ತು ಅಡ್ಡಡ್ಡ ಸಾಗುತ್ತೇವೆ. ಬಂಡೆ, ಹವಳದ ನಡುವೆ ತಿರುಗಬೇಕು, ನಿಲ್ಲಬೇಕು, ಹಿಂದೆ ಸರಿಯಬೇಕು. ಮಾರುದ್ದದ ಬ್ಲೇಡು ಅಲ್ಲಿ ಹವಳಕ್ಕೆ ಬಡಿಯುತ್ತದೆ. ವರ್ಷಗಟ್ಟಲೆ ಬೆಳೆದ ಹವಳದ ಕೊಂಬೆ ಒಂದು ಏಟಿಗೆ ಮುರಿಯುತ್ತದೆ. ಗಾಳಿಯ ಲೆಕ್ಕಕ್ಕೆ ಎಷ್ಟೇ ಚೆನ್ನಾಗಿದ್ದರೂ ರೀಫಿನಲ್ಲಿ ಅಂಥ ಫಿನ್ ಬೇಡ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಸ್ಕೂಬಾ ಫಿನ್ಸ್‌ಗಳ ವಂಶಾವಳಿ ತುಂಬ ಹಳೆಯದಲ್ಲ. ಫ್ರೆಂಚ್ ನೌಕಾಪಡೆಯ ಅಧಿಕಾರಿ ಲೂಯಿ ದ ಕೊರ್ಲಿಯೂ 1933ರಲ್ಲಿ ರಬ್ಬರ್ ಫಿನ್ಸ್‌ಗೆ ಪೇಟೆಂಟ್ ಪಡೆದರು. ಅದರ ಲೈಸೆನ್ಸ್ ತೆಗೆದುಕೊಂಡು ಅಮೆರಿಕದಲ್ಲಿ ತಯಾರಿಸಿದವರು ಓವೆನ್ ಚರ್ಚಿಲ್. ಅವರು 1932ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಹಾಯಿದೋಣಿ ಸ್ಪರ್ಧೆಯ ಚಿನ್ನ ಗೆದ್ದವರು. ಎರಡನೇ ಮಹಾಯುದ್ಧದಲ್ಲಿ ನೌಕಾಪಡೆಯ ಮುಳುಗುಗಾರರು ಆ ಫಿನ್ಸ್ ಬಳಸಿದರು. 1964ರಲ್ಲಿ ಫ್ರಾನ್ಸಿನ ಜಾರ್ಜ್ ಬೋಷಾ ‘ಜೆಟ್ ಫಿನ್’ ತಂದರು: ದಪ್ಪ ರಬ್ಬರು, ಅಗಲ, ಗಿಡ್ಡ, ಪಾದದ ಮುಂದೆ ತೂತುಗಳು. ಅದೇ ಮಾದರಿಯನ್ನು ಇವತ್ತಿಗೂ ಗುಹೆ ಡೈವರ್‌ಗಳು, ಮಾಮೂಲಿಗಿಂತ ಆಳಕ್ಕೆ ಇಳಿಯುವ ಟೆಕ್ನಿಕಲ್ ಡೈವರ್‌ಗಳು ಪ್ರೀತಿಯಿಂದ ಬಳಸುತ್ತಾರೆ. ಆಮೇಲೆ ಪ್ಲಾಸ್ಟಿಕ್ ಬ್ಲೇಡು ಬಂತು. ಬ್ಲೇಡಿನ ಮಧ್ಯೆ ಮೆತ್ತನೆ ರಬ್ಬರ್ ಪಟ್ಟಿ ಸೇರಿಸಿದ ‘ಚಾನೆಲ್’ ಮಾದರಿ ಬಂತು. 1990ರ ದಶಕದ ಕೊನೆಯಲ್ಲಿ ಮಧ್ಯೆ ಸೀಳಿದ ‘ಸ್ಪ್ಲಿಟ್ ಫಿನ್’ ಬಂತು.

ಚಾನೆಲ್ ಮಾದರಿಯ ಉಪಾಯ ಸರಳ. ಚಪ್ಪಟೆ ಬ್ಲೇಡು ನೀರನ್ನು ನೂಕುವಾಗ ನೀರು ಅಕ್ಕಪಕ್ಕದ ಅಂಚುಗಳಿಂದ ಜಾರಿ ಹೋಗುತ್ತದೆ, ಹಿಂದಕ್ಕೆ ಹೋಗುವುದು ಕಮ್ಮಿಯಾಗುತ್ತದೆ. ಮಧ್ಯದ ಮೆತ್ತನೆ ಪಟ್ಟಿ ಉಬ್ಬಿದರೆ ಬ್ಲೇಡು ಬೊಗಸೆಯಂತಾಗಿ ನೀರನ್ನು ಹಿಡಿದುಕೊಂಡು ತುದಿಯ ಕಡೆಗೆ ಸಾಗಿಸುತ್ತದೆ. ಇಲ್ಲಿ ನೂರೆಂಟು ಕಂಪನಿಗಳ ಮಾಡೆಲ್ ಇವೆ, ಒಂದೊಂದನ್ನೇ ಹೇಳುತ್ತಾ ಕೂರುವ ಅಗತ್ಯ ಇಲ್ಲ.

ಸ್ಪ್ಲಿಟ್ ಫಿನ್ ಬಗ್ಗೆ ಮಾತ್ರ ಸ್ವಲ್ಪ ಹೇಳಲೇಬೇಕು, ಯಾಕೆಂದರೆ ಜಗಳ ಜಾಸ್ತಿ ಇರುವುದು ಇಲ್ಲೇ. ಸೀಳಿನ ಎರಡೂ ಕಡೆಯ ಭಾಗಗಳು ತಿರುಚಿಕೊಂಡು ಪ್ರೊಪೆಲ್ಲರ್ ರೆಕ್ಕೆಯ ಹಾಗೆ ಕೆಲಸ ಮಾಡುತ್ತವೆ ಅನ್ನುವುದು ತಯಾರಕರ ವಾದ. ಕಾಲಿಗೆ ತಿಳಿಯುವುದು ಇಷ್ಟು: ಒದೆಯುವಾಗ ತಡೆ ತುಂಬ ಕಮ್ಮಿ. ದೊಡ್ಡ ಕಿಕ್ಕು ಬೇಡ, ಚಿಕ್ಕದಾಗಿ ಬೇಗಬೇಗ ಕಾಲಾಡಿಸಿದರೆ ಸಾಗುತ್ತದೆ. ಮೊಣಕಾಲು ನೋವಿರುವವರಿಗೆ, ಸೊಂಟದ ತೊಂದರೆ ಇರುವವರಿಗೆ ಇದು ನಿಜವಾದ ವರ. ತೊಂದರೆ ಬರುವುದು ನೆಟ್ಟಗೆ ಮುಂದೆ ಹೋಗುವುದನ್ನು ಬಿಟ್ಟು ಬೇರೇನಾದರೂ ಮಾಡಲು ಹೊರಟಾಗ.

ಫಿನ್ನಿನ ಕೆಲಸ ಬರೀ ಮುಂದಕ್ಕೆ ತಳ್ಳುವುದಲ್ಲವಲ್ಲ. ಕಾಲನ್ನು ಕತ್ತರಿಯಂತೆ ಆಡಿಸುವ ಫ್ಲಟರ್ ಕಿಕ್ ಎಲ್ಲರೂ ಮೊದಲು ಕಲಿಯುವುದು. ಅದು ನೀರನ್ನು ಹಿಂದಕ್ಕೂ ಕೆಳಕ್ಕೂ ಎಸೆಯುತ್ತದೆ. ಮರಳು, ಕೆಸರಿನ ತಳಕ್ಕೆ ಹತ್ತಿರ ಇದ್ದರೆ ಧೂಳೆದ್ದು ಹಿಂದೆ ಬರುವವರಿಗೆ ಏನೂ ಕಾಣುವುದಿಲ್ಲ. ಕಪ್ಪೆಯಂತೆ ಮೊಣಕಾಲು ಮಡಚಿ, ಪಾದಗಳನ್ನು ಹೊರಕ್ಕೆ ತಿರುಗಿಸಿ ಹಿಂದಕ್ಕೆ ಒತ್ತುವ ಫ್ರಾಗ್ ಕಿಕ್‌ನಲ್ಲಿ ನೀರು ನೇರ ಹಿಂದಕ್ಕೆ ಹೋಗುತ್ತದೆ, ತಳ ಕದಡುವುದಿಲ್ಲ. ಒಂದು ಒತ್ತಿಗೂ ಇನ್ನೊಂದಕ್ಕೂ ನಡುವೆ ಸುಮ್ನೆ ತೇಲಿಕೊಂಡು ಹೋಗಬಹುದು, ಉಸಿರೂ ಉಳಿಯುತ್ತದೆ. ಫೋಟೋ ತೆಗೆಯುವವರಿಗೆ ಬ್ಯಾಕ್ ಕಿಕ್ ಬೇಕೇ ಬೇಕು: ಹವಳ ಮುಟ್ಟದೆ, ಕೈ ಬೀಸದೆ ಹಿಂದಕ್ಕೆ ಸರಿಯಲು ಅದೊಂದೇ ದಾರಿ. ಈ ಎರಡೂ ಕಿಕ್ಕಿಗೆ ಗಡಸಾದ, ಅಗಲವಾದ, ಗಿಡ್ಡ ಬ್ಲೇಡು ಬೇಕು. ಸ್ಪ್ಲಿಟ್ ಫಿನ್ ಇಲ್ಲಿ ಸೋಲುತ್ತದೆ. ಅಂಚಿನಿಂದ ನೀರನ್ನು ಹಿಡಿಯಬೇಕಾದ ಹೊತ್ತಿಗೆ ಬ್ಲೇಡಿನ ಭಾಗಗಳು ಅತ್ತಿತ್ತ ಬಾಗಿಬಿಡುತ್ತವೆ. ನೆಟ್ಟಗೆ ಈಜಿಸಿ ಸ್ಟಾಪ್‌ವಾಚ್ ಒತ್ತುವ ಟೆಸ್ಟಿನಲ್ಲಿ ಈ ಸೋಲು ಕಾಣುವುದೇ ಇಲ್ಲ.

ತೂಕವೂ ಹೀಗೆಯೇ ಕಣ್ಣಿಗೆ ಬೀಳದ ಸಂಗತಿ. ಜೆಟ್ ಫಿನ್ ಮಾದರಿಯ ದೊಡ್ಡ ಸೈಜಿನ ಒಂದು ಜೊತೆ ಸುಮಾರು ಮೂರು ಕಿಲೋ ಬರುತ್ತದೆ, ನೀರಿನಲ್ಲಿ ಮುಳುಗುತ್ತದೆ. ಚಳಿನೀರಿನಲ್ಲಿ ಡ್ರೈಸೂಟ್ (ಒಳಗೆ ನೀರು ಬಾರದ ಸೂಟು) ತೊಡುವವರಿಗೆ ಅದು ಅನುಕೂಲ. ಸೂಟಿನ ಕಾಲಿನ ಕಡೆ ಗಾಳಿ ತುಂಬಿ ಪಾದಗಳು ಮೇಲೇಳುತ್ತವೆ, ಭಾರದ ಫಿನ್ ಅದನ್ನು ಕೆಳಕ್ಕೆ ಹಿಡಿದಿಡುತ್ತದೆ. ನಮ್ಮ ಅರಬ್ಬೀ ಸಮುದ್ರದ ಬೆಚ್ಚಗಿನ ನೀರಿನಲ್ಲಿ ತೆಳು ಸೂಟು ಸಾಕು. ಅಲ್ಲಿ ಅದೇ ಫಿನ್ ಕಾಲನ್ನು ಕೆಳಕ್ಕೆ ಎಳೆಯುತ್ತದೆ. ಮೈ 20 ಡಿಗ್ರಿ ಓರೆಯಾದರೆ 170 ಸೆಂಟಿಮೀಟರ್ ಎತ್ತರದವರ ಪಾದ ತಲೆಗಿಂತ ಅರ್ಧ ಮೀಟರಿಗೂ ಜಾಸ್ತಿ ಕೆಳಗಿರುತ್ತದೆ. ಆಗ ನೀರಿಗೆ ಎದುರಾಗುವ ಮೈಯ ಅಳತೆ ದೊಡ್ಡದಾಗುತ್ತದೆ, ತಡೆ ಏರುತ್ತದೆ. ಕಿಕ್ಕಿನ ಒಂದು ಪಾಲು ಸುಮ್ನೆ ಮೇಲಕ್ಕೆ ನೂಕುತ್ತಾ ವ್ಯರ್ಥವಾಗುತ್ತದೆ. ಫಿನ್ ಬದಲಿಸುವ ಮೊದಲು ತೂಕದ ಬೆಲ್ಟಿನ ಸೀಸವನ್ನು ಸ್ವಲ್ಪ ಮೇಲಕ್ಕೆ ಸರಿಸಿ ಮೈ ಅಡ್ಡ ಮಾಡಿಕೊಂಡು ನೋಡಿ. ಎಷ್ಟೋ ಜನರಿಗೆ ಹೊಸ ಫಿನ್ನಿಗಿಂತ ಹೆಚ್ಚಿನ ಲಾಭ ಅಲ್ಲೇ ಸಿಗುತ್ತದೆ, ಅದೂ ಪುಕ್ಕಟೆ.

ಹೋಲಿಸುವ ವಿಧಾನಕ್ಕೆ ಬರೋಣ. ಸ್ಪೀಡ್ ಟೆಸ್ಟಿನ ಕೊರತೆ ಆಗಲೇ ಹೇಳಿದೆ. ಇನ್ನೊಂದು ವಿಧಾನದಲ್ಲಿ ಡೈವರನ್ನು ಹಗ್ಗದಿಂದ ಕೊಳದ ಗೋಡೆಗೆ ಕಟ್ಟಿ, ನಿಂತಲ್ಲೇ ಒದೆಸಿ, ಎಳೆತವನ್ನು ತಕ್ಕಡಿಯಲ್ಲಿ ಅಳೆಯುತ್ತಾರೆ. ದೊಡ್ಡ ಸಂಖ್ಯೆ ಬರುತ್ತದೆ, ನೋಡಲು ಚೆನ್ನ. ಆದರೆ ಮುಂದೆ ಸಾಗದೆ ಒದೆಯುವಾಗ ನೀರು ಬ್ಲೇಡಿಗೆ ತಗಲುವ ಕೋನವೇ ಬೇರೆ, ಸಾಗುವಾಗಿನ ಕೋನವೇ ಬೇರೆ. ಸರಿಯಾದ ವಿಧಾನ ಅಂದರೆ ವೇಗವನ್ನು ಗಟ್ಟಿ ಮಾಡಿಟ್ಟು, ಆ ವೇಗದಲ್ಲಿ ದೇಹ ಬಳಸುವ ಆಮ್ಲಜನಕವನ್ನು ಅಳೆಯುವುದು. ಅಮೆರಿಕದ ಬಫಲೋ ವಿಶ್ವವಿದ್ಯಾಲಯದ ಸಂಶೋಧಕರು ಉಂಗುರದಾಕಾರದ ಕೊಳದಲ್ಲಿ ಡೈವರ್‌ಗಳನ್ನು ಬೇರೆಬೇರೆ ಫಿನ್ಸ್ ತೊಡಿಸಿ ಈಜಿಸಿ ಹೀಗೇ ಅಳೆದಿದ್ದಾರೆ.

ನಮಗೆ ಅಂಥ ಲ್ಯಾಬು ಇಲ್ಲ. ಆದರೂ 25 ಮೀಟರಿನ ಕೊಳ, ಪ್ರೆಶರ್ ಗೇಜು, ದಡದಲ್ಲಿ ಟೈಮ್ ನೋಡುವ ಗೆಳೆಯ ಇದ್ದರೆ ಅದರ ಹತ್ತಿರಕ್ಕೆ ಹೋಗಬಹುದು. ಬೆಂಗಳೂರಿನಲ್ಲಿ ಈಜುಕೊಳದಲ್ಲಿ ಡೈವಿಂಗ್ ಕಲಿಸುವವರು ಇದ್ದಾರೆ, ಅವರನ್ನು ಕೇಳಿಕೊಂಡರೆ ಆಗದ ಕೆಲಸವೇನಲ್ಲ. ಒಂದು ಉದ್ದಕ್ಕೆ 50 ಸೆಕೆಂಡ್ ಅಂತ ಇಟ್ಟುಕೊಳ್ಳಿ, ಸೆಕೆಂಡಿಗೆ ಅರ್ಧ ಮೀಟರ್ ಆಯ್ತು. ಹನ್ನೆರಡು ಉದ್ದ, ಒಟ್ಟು 10 ನಿಮಿಷ, 300 ಮೀಟರ್. ಬೇಗ ಮುಟ್ಟಿದರೆ ಗೋಡೆ ಹಿಡಿದು ಕಾಯಿರಿ, ತಡವಾದರೆ ಮುಂದಿನ ಉದ್ದದಲ್ಲಿ ಸರಿಮಾಡಿಕೊಳ್ಳಿ. ಮೊದಲೂ ಕೊನೆಗೂ ಗೇಜು ಓದಿ. ನಿಮಿಷಕ್ಕೆ 20 ಲೀಟರ್ ಉಸಿರಾಡುವವರಿಗೆ 11 ಲೀಟರ್ ಸಿಲಿಂಡರಿನಲ್ಲಿ 20 ಬಾರ್ ಆಸುಪಾಸು ಇಳಿಯುತ್ತದೆ. ನಿಲ್ಲಿಸಿದ ಕೂಡಲೇ ನಾಡಿಯನ್ನೂ ಎಣಿಸಿ. ಚೆನ್ನಾಗಿ ಸುಧಾರಿಸಿಕೊಂಡು ಎರಡನೇ ಜೊತೆ ತೊಟ್ಟು ಅದನ್ನೇ ಮಾಡಿ. ಸುಸ್ತಿನಿಂದ ಲೆಕ್ಕ ತಪ್ಪಬಾರದು ಅಂದರೆ ಇನ್ನೊಂದು ದಿನ ಕ್ರಮ ತಿರುಗಿಸಿ: ಮೊದಲು ಎರಡನೇ ಜೊತೆ, ಆಮೇಲೆ ಮೊದಲನೆಯದು. ಒಂದರಲ್ಲಿ 20 ಬಾರ್, ಇನ್ನೊಂದರಲ್ಲಿ 28 ಬಾರ್ ಇಳಿದರೆ, ಎರಡು ದಿನವೂ ಹಾಗೇ ಬಂದರೆ, ಉತ್ತರ ಸಿಕ್ಕಿತು. ಒಂದೆರಡು ಬಾರ್ ವ್ಯತ್ಯಾಸಕ್ಕೆ ಬೆಲೆ ಕೊಡಬೇಡಿ, ಗೇಜು ಅಷ್ಟು ಸೂಕ್ಷ್ಮ ಅಲ್ಲ.

ಜೊತೆಗೆ ಅದೇ ಕೊಳದಲ್ಲಿ ಹತ್ತು ಸಲ ಫ್ರಾಗ್ ಕಿಕ್ ಮಾಡಿ ಎಷ್ಟು ದೂರ ಹೋದಿರಿ ನೋಡಿ. ಬ್ಯಾಕ್ ಕಿಕ್ಕಿನಲ್ಲಿ ನಿಜವಾಗಿ ಹಿಂದೆ ಸರಿಯುತ್ತೀರಾ ನೋಡಿ. ಕಡೆಗೆ ಅರ್ಧ ನಿಮಿಷ ಇದ್ದ ಬಲವನ್ನೆಲ್ಲ ಹಾಕಿ ಒದೆಯಿರಿ. ನೀರಿನ ಸೆಳೆತ ಎದುರಾದಾಗ ಆ ಫಿನ್ ಹೇಗಿರುತ್ತದೆ ಅನ್ನುವುದು ಆಗ ತಿಳಿಯುತ್ತದೆ. ಅಂಥ ಅರ್ಧ ನಿಮಿಷ ಜೀವನದಲ್ಲಿ ಬರುವುದು ಅಪರೂಪ, ಆದರೆ ಬಂದಾಗ ಫಿನ್ ಕೈಕೊಡಬಾರದು.

ಇದೆಲ್ಲಕ್ಕಿಂತ ಮೊದಲು ಪಾದ. ಹಿಮ್ಮಡಿ ಮುಚ್ಚುವ ಫುಲ್ ಫುಟ್ ಫಿನ್ ಬರಿಗಾಲಿಗೆ ಅಥವಾ ತೆಳು ಸಾಕ್ಸಿಗೆ ತೊಡುವಂಥದ್ದು. ಹಗುರ, ಪಾದದ ಬಲ ಸೋರದೆ ಬ್ಲೇಡಿಗೆ ಹೋಗುತ್ತದೆ, ಬೋಟಿನಿಂದ ಇಳಿಯುವ ಬೆಚ್ಚಗಿನ ನೀರಿಗೆ ಚೆನ್ನ. ಹಿಮ್ಮಡಿಗೆ ಸ್ಟ್ರಾಪ್ ಇರುವ ಓಪನ್ ಹೀಲ್ ಫಿನ್ನಿಗೆ ಬೂಟಿ ಬೇಕು. ಕಲ್ಲಿನ ದಡದಲ್ಲಿ ನಡೆಯಬೇಕಾದರೆ ಅದೇ ಸರಿ. ಸ್ಟ್ರಾಪ್ ಜಾಗದಲ್ಲಿ ಸ್ಟೀಲ್ ಸ್ಪ್ರಿಂಗ್ ಹಾಕಿಸಿಕೊಂಡರೆ ಮುರಿಯುವ ಚಿಂತೆ ಹೋಗುತ್ತದೆ. ಯಾವುದೇ ಆಗಲಿ, ಪಾದ ಒಳಗೆ ಅಲ್ಲಾಡಿದರೆ ಬ್ಲೇಡು ಎಂಥದ್ದಾದರೂ ಪ್ರಯೋಜನ ಇಲ್ಲ. ಬೆರಳು ಒತ್ತಿದರೆ ಇಪ್ಪತ್ತೇ ನಿಮಿಷದಲ್ಲಿ ಪಾದ ಹಿಡಿದುಕೊಳ್ಳುತ್ತದೆ.

ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪಕ್ಕೆ ಹೋಗುವವರಿಗೆ ಕೊನೆಗೆ ಎರಡು ಮಾತು. ಮೊದಲ ಸಲ ಸುಮ್ನೆ ನೋಡಿ ಬರಲು ಇಳಿಯುವವರಿಗೆ ಫಿನ್ಸ್ ಚಿಂತೆ ಬೇಡ, ಇನ್‌ಸ್ಟ್ರಕ್ಟರ್ ಹಿಡಿದುಕೊಂಡೇ ಕರೆದುಕೊಂಡು ಹೋಗುತ್ತಾರೆ. ಕೋರ್ಸ್ ಮುಗಿಸಿ ಹೋಗುವವರು ಬಾಡಿಗೆ ಫಿನ್ಸನ್ನು ಬೋಟು ಹೊರಡುವ ಮೊದಲೇ ತೊಟ್ಟು ನೋಡಿ. ಸ್ಟ್ರಾಪನ್ನು ಎಳೆದು, ಬಗ್ಗಿಸಿ ಬಿರುಕಿದೆಯಾ ನೋಡಿ. ಬ್ಲೇಡನ್ನು ಎರಡೂ ಕೈಯಲ್ಲಿ ಬಗ್ಗಿಸಿ, ಎಡದ್ದೂ ಬಲದ್ದೂ ಒಂದೇ ಸಮ ಬಾಗುತ್ತವೆಯಾ ನೋಡಿ. ಎಷ್ಟೋ ಸಲ ಬಾಡಿಗೆ ಡಬ್ಬದಲ್ಲಿ ಒಂದು ಹಳೆಯದು, ಒಂದು ಹೊಸದು ಜೊತೆಯಾಗಿರುತ್ತವೆ. ಹಾಗಿದ್ದರೆ ನೀರಿನಲ್ಲಿ ಮೈ ಒಂದೇ ಕಡೆಗೆ ತಿರುಗುತ್ತಾ ಹೋಗುತ್ತದೆ.

ನೇತ್ರಾಣಿ, ಅಂಡಮಾನ್, ಲಕ್ಷದ್ವೀಪದಂಥ ಕಡೆ ವರ್ಷಕ್ಕೆ ಒಂದೆರಡು ಸಲ ಡೈವ್ ಮಾಡುವವರು ನನ್ನನ್ನು ಕೇಳಿದರೆ ಮಧ್ಯಮ ಗಡಸಿನ, ಹಗುರ ಪ್ಲಾಸ್ಟಿಕ್ಕಿನ ಚಾನೆಲ್ ಮಾದರಿಯನ್ನೇ ಹೇಳುತ್ತೇನೆ. ಮೊಣಕಾಲು ನೋವಿದ್ದರೆ ಸ್ಪ್ಲಿಟ್. ಕ್ಯಾಮೆರಾ ಹಿಡಿದವರಿಗೆ ಗಿಡ್ಡ, ಗಡಸು. ಮಾಲ್ಡೀವ್ಸ್ ಕಾಲುವೆಗಳ ಜೋರು ಸೆಳೆತಕ್ಕೆ ಹೋಗುವ, ಕಾಲಿನಲ್ಲಿ ಕಸುವಿರುವವರಿಗೆ ಇನ್ನೂ ಸ್ವಲ್ಪ ಉದ್ದದ, ಗಡಸಾದ ಬ್ಲೇಡು. ಕೊಳ್ಳುವ ಮೊದಲು ಅದೇ ಮಾಡೆಲ್ ಬಾಡಿಗೆಗೆ ಸಿಕ್ಕರೆ ಒಂದು ದಿನದ ಎರಡನೇ ಡೈವಿನಲ್ಲಿ ತೊಟ್ಟು ನೋಡಿ. ಮೊದಲ ಡೈವಿನಲ್ಲಿ ಎಲ್ಲ ಫಿನ್ನೂ ಹಗುರ ಅನ್ನಿಸುತ್ತದೆ, ಕಾಲು ದಣಿದ ಮೇಲೆ ವ್ಯತ್ಯಾಸ ಕಾಣುತ್ತದೆ.